ಆನಂದವನ್ನು ತುಂಡು ಮಾಡುವ ಕೆಲಸ

ಕೆಲವರಿಗೆ ಹೂವು ಕಂಡರೆ ಮೂಸುವ ಆಸೆ, ಕೆಲವರಿಗೆ ಮಗು ಕಂಡರೆ ಎತ್ತಿಕೊಳ್ಳುವ ಆಸೆ; ನನಗೆ ಏನು ಕಂಡರೂ ತಿದ್ದುವ ಆಸೆ. ದೊಡ್ಡಬಳ್ಳಾಪುರದ ಪಿಯು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಪಾಠ ಮಾಡಿ ಮಾಡಿ, ಕೆಂಪು ಪೆನ್ನು ಜೇಬಿನಿಂದ ಮೈಗೇ ಇಳಿದುಬಿಟ್ಟಿದೆ. ಮದುವೆ ಮನೆಯಲ್ಲಿ ಎಲ್ಲರೂ ಪಾಯಸ ಚೆನ್ನಾಗಿದೆ ಎನ್ನುವಾಗ ನಾನು ಗೋಡಂಬಿ ಸ್ವಲ್ಪ ಹೆಚ್ಚು ಹುರಿದಿದೆ ಎನ್ನುತ್ತೇನೆ. ನನ್ನ ಮದುವೆಯಲ್ಲೂ ಹಾಗೇ ಅಂದಿದ್ದೆನಂತೆ; ಅಡುಗೆಯ ಉಸ್ತುವಾರಿ ಮಾವನವರದಾಗಿತ್ತು. ಅವರು ಇರುವವರೆಗೂ ನನ್ನ ಎಲೆಗೆ ಗೋಡಂಬಿಯನ್ನು ಆರಿಸಿ ತೆಗೆದೇ ಪಾಯಸ ಬಡಿಸುತ್ತಿದ್ದರು. ಅದನ್ನು ನಾನು ಬಹಳ ಕಾಲ ಅಳಿಯನಿಗೆ ಕೊಡುವ ಮರ್ಯಾದೆ ಎಂದೇ ತಿಳಿದಿದ್ದೆ.

ನನ್ನ ಹೆಂಡತಿ ಗಿರಿಜಾ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಎದುರು ಮನೆಯ ಮಗ್ಗದ ಸದ್ದಿಗೆ ಸರಿಯಾಗಿ ಅವಳ ಬೆರಳುಗಳು ಓಡುತ್ತವೆ. ಕೈಗೆ ಕೆಲಸವಿದ್ದರೂ ಕಿವಿ ಖಾಲಿ ಇರುತ್ತದಲ್ಲ, ಹಾಗಾಗಿ ನಾನು ಎಲ್ಲಿ ಮಾತಾಡಬೇಕಾದರೂ ಮೊದಲ ತಾಲೀಮು ಅವಳ ಮುಂದೆ. ಕಳೆದ ತಿಂಗಳು ಕಾಲೇಜಿನ ವಿಜ್ಞಾನ ಸಂಘಕ್ಕೆ, ಮಿದುಳು ಕೊಬ್ಬಿನಿಂದ ಮಾಡಿಕೊಳ್ಳುವ ಸಂದೇಶವಸ್ತುಗಳ ಬಗ್ಗೆ ಒಂದು ಭಾಷಣ ತಯಾರಿಸಿದ್ದೆ. ಅವುಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ನಮ್ಮ ಆನಂದವನ್ನೇ ಸೇರಿಸಿ ಆನಂದಮೈಡ್ ಎಂದು ಹೆಸರಿಟ್ಟಿದ್ದಾರೆ. ಬೇರೆ ಎಷ್ಟೋ ಸಂದೇಶವಸ್ತುಗಳನ್ನು ನರಕೋಶ ಮೊದಲೇ ಮಾಡಿ ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ. ಇದನ್ನು ಹಾಗಲ್ಲ, ಬೇಕೆನಿಸಿದಾಗ ತನ್ನ ಪೊರೆಯ ಕೊಬ್ಬಿನಿಂದಲೇ ಬಿಡಿಸಿಕೊಳ್ಳುತ್ತದೆ. ತಮಾಷೆಯೆಂದರೆ ಇದು ಹಿಮ್ಮುಖವಾಗಿಯೂ ಹೋಗಬಲ್ಲದು. ಕೇಳಿಸಿಕೊಳ್ಳುತ್ತಿರುವ ಕೋಶ, ಹೇಳುತ್ತಿರುವ ಕೋಶಕ್ಕೆ ‘ಇನ್ನು ಸಾಕು ಮಾಡಪ್ಪ’ ಎಂದು ಕಳಿಸುವ ಸಂದೇಶ. ಇಷ್ಟು ಹೇಳುವಷ್ಟರಲ್ಲಿ ಗಿರಿಜಾ, ಅನ್ನಕ್ಕಿಡಬೇಕು, ಇನ್ನೆಷ್ಟಿದೆ ಎಂದು ಕೇಳಿದಳು. ನಾನು ಅರ್ಥ ಮಾಡಿಕೊಳ್ಳದೆ ಮುಂದುವರಿಸಿದೆ. ಈ ವಸ್ತುವಿಗೆ ಆಯುಸ್ಸು ಕಡಿಮೆ. ಬಂದ ಕೆಲಸ ಮುಗಿಯುತ್ತಿದ್ದಂತೆ ಕೋಶದೊಳಗಿನ ಒಂದು ಕಿಣ್ವ ಅದನ್ನು ಹಿಡಿದು ಎರಡು ತುಂಡು ಮಾಡಿಬಿಡುತ್ತದೆ. ಆನಂದ ಅಲ್ಲಿಗೆ ಖಲಾಸ್. ಆ ಕಿಣ್ವಕ್ಕೆ ಅದರ ಮೇಲೆ ಏನು ಹಗೆ ಎಂದು ಅವಳು ಕೇಳಿದಳು. ಹಗೆ ಏನಿಲ್ಲ, ಅದರ ಕೆಲಸವೇ ಅದು ಎಂದೆ. ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು.

ವಾರ ಕಳೆದಿರಬೇಕು. ಬೆಳಗ್ಗೆ ಹಾಲು ತರಲು ಹೊರಟವನನ್ನು ಪಕ್ಕದ ಮನೆಯ ನಾಗರತ್ನಮ್ಮ ನಿಲ್ಲಿಸಿ, ಗಿರಿಜಾ ತರಬೇತಿ ಕೊಡೋ ದಿನ ನಿಮ್ಮ ಊಟ ನಮ್ಮ ಮನೆಯಲ್ಲೇ ಮೇಷ್ಟ್ರೇ ಎಂದರು. ಯಾವ ತರಬೇತಿ ಎಂದು ನಾನು ಕಣ್ಣುಕಣ್ಣು ಬಿಟ್ಟೆ. ಮಹಿಳಾ ಸಂಘದವರು ಕುಚ್ಚು ಕಲಿಸಲು ಗಿರಿಜಾಳನ್ನು ಕರೆದಿದ್ದಾರಂತೆ, ಇಪ್ಪತ್ತು ಜನ ಹೆಂಗಸರು ಬರುತ್ತಾರಂತೆ. ವಿಚಾರಿಸಿದರೆ ಹಾಲಿನವನಿಗೂ ಗೊತ್ತು, ಇಸ್ತ್ರಿ ಅಂಗಡಿಯವನಿಗೂ ಗೊತ್ತು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದ ನನಗೊಬ್ಬನಿಗೇ ಗೊತ್ತಿಲ್ಲ. ನಿಜ ಹೇಳುತ್ತೇನೆ, ಬಹಳ ನೋವಾಯಿತು. ಹಾಲನ್ನೂ ತರದೆ ಹಿಂದಕ್ಕೆ ಬಂದು, ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ನಿಮ್ಮತ್ರ ಹೇಳಿದ್ರೆ ಅದು ಉಳಿಯಲ್ಲ ಕಣ್ರೀ,” ಎಂದಳು, ತಲೆ ಎತ್ತದೆ. “ದೇವನಹಳ್ಳಿಯವರ ಮದುವೆ ಸೀರೆ ನೆನಪಿದ್ಯಾ? ಹುಡುಗಿ ತಾಯಿ ನನ್ನ ಕೈ ಹಿಡ್ಕೊಂಡು ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನಾನು ಓಡ್ಬಂದು ನಿಮಗೆ ಫೋಟೋ ತೋರಿಸ್ದೆ. ಮೂರನೇ ಕುಚ್ಚು ಗಿಡ್ಡ ಅಂದ್ರಿ. ನೀವು ಹೇಳಿದ ಆ ಕಿಣ್ವ ನಮ್ಮನೇಲೇ ಇದೆ.”

ಮೂರನೇ ಕುಚ್ಚು ನಿಜವಾಗಿಯೂ ಗಿಡ್ಡವಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡೆ. ಇನ್ನು ಮುಂದೆ ಅವಳ ಸಂತೋಷವೆಲ್ಲ ನಾಗರತ್ನಮ್ಮನವರ ಮನೆಗೆ ಹೋಗಿ, ನನ್ನ ಪಾಲಿಗೆ ತರಕಾರಿ ಚೀಟಿ ಮಾತ್ರ ಉಳಿಯುತ್ತದೆ ಎಂದು ಭಯವಾಯಿತು. ತರಬೇತಿಯ ದಿನ ಅವಳು ಏನೇ ಹೇಳಲಿ, ಒಂದು ತಪ್ಪನ್ನೂ ಎತ್ತಬಾರದು ಎಂದು ಶಪಥ ಮಾಡಿದೆ.

ತರಬೇತಿಯ ದಿನ ಸಂಜೆ ನಾನು ಕಾಲೇಜಿನಿಂದ ಬಂದು ಕೂತಿದ್ದೆ. ಗಿರಿಜಾ ಬಂದಳು. ಮುಖ ಅರಳಿತ್ತು. ಸೀರೆ ಮಾತ್ರ ಒಳಮೈ ಹೊರಗಾಗಿತ್ತು. ಅಂಚಿನ ಹಿಂಬದಿಯ ಜರಿ ಎಳೆಗಳು ನನ್ನನ್ನೇ ನೋಡುತ್ತಿದ್ದವು. ಮನೆಮನೆಗೂ ಮಗ್ಗವಿರುವ ಊರಿನಲ್ಲಿ, ಕಣ್ಣು ಮುಚ್ಚಿ ಮುಟ್ಟಿದರೂ ಸೀರೆಯ ಒಳಮೈ ಯಾವುದೆಂದು ಹೇಳಬಲ್ಲ ಇಪ್ಪತ್ತು ಹೆಂಗಸರ ಮುಂದೆ, ಹೀಗೆ ಉಟ್ಟು ಪಾಠ ಮಾಡಿ ಬಂದಿದ್ದಳು. ನಾನು ಕಣ್ಣನ್ನು ಗೋಡೆಯ ಕ್ಯಾಲೆಂಡರಿಗೆ ನೆಟ್ಟು, ಹೇಗಾಯಿತು ಎಂದು ಕೇಳಿದೆ. ಅವಳು ಚಪ್ಪಲಿ ಬಿಟ್ಟವಳೇ ಶುರುಮಾಡಿದಳು. ಯಾರಿಗೆ ಗಂಟೇ ಬೀಳಲಿಲ್ಲ, ಯಾರು ಮಧ್ಯಾಹ್ನದೊಳಗೆ ಅರ್ಧ ಸೆರಗು ಮುಗಿಸಿದರು, ತ್ಯಾಮಗೊಂಡ್ಲಿನಿಂದ ಬಂದಿದ್ದ ಅಜ್ಜಿ ಹೇಗೆ ತನ್ನ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಊರೆಲ್ಲ ಹುಡುಕಿಸಿದರು, ಎಲ್ಲವನ್ನೂ ಹೇಳಿದಳು. ಮೊದಮೊದಲು ನನಗೆ ಜರಿ ಎಳೆಗಳೇ ಕಾಣುತ್ತಿದ್ದವು. ಆಮೇಲೆ ಯಾವಾಗಲೋ ಮರೆತೇಹೋದವು. ಇವಳು ಇಷ್ಟು ಚೆನ್ನಾಗಿ ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಮಾತಾಡಲು ಬಿಟ್ಟಿದ್ದರಲ್ಲವೇ ಗೊತ್ತಾಗುವುದು. ಅರ್ಧ ಗಂಟೆ ಕೇಳಿ, ಬಹಳ ಚೆನ್ನಾಗಿ ಮಾಡಿದ್ದೀಯ ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿ, “ಸೀರೆ ನೋಡ್ಲಿಲ್ವಾ?” ಎಂದಳು.

ನೋಡಿದೆ ಎಂದೆ.

“ಬೆಳಗ್ಗೆ ಗಾಬರೀಲಿ ಉಲ್ಟಾ ಉಟ್ಬಿಟ್ಟೆ. ನಾನು ಒಳಗೆ ಕಾಲಿಟ್ಟ ತಕ್ಷಣ ಇಪ್ಪತ್ತು ಜನಾನೂ ನಕ್ಬಿಟ್ರು. ಸರಿ ಮಾಡ್ಕೊಳ್ಳಿ ಅಂದ್ರು. ಬೇಡ, ಸಂಜೆ ನಮ್ಮ ಮೇಷ್ಟ್ರಿಗೆ ಪರೀಕ್ಷೆ ಇದೆ, ಹೀಗೇ ಇರ್ಲಿ ಅಂದೆ.” ಹೇಳುತ್ತಾ ಹೇಳುತ್ತಾ ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನಾನೂ ನಕ್ಕೆ. ಹೀಗೆ ನಾವಿಬ್ಬರೂ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಪರ್ವಾಗಿಲ್ಲ ಕಣ್ರೀ, ನಿಮ್ಮ ಕಿಣ್ವಕ್ಕೂ ವಯಸ್ಸಾಯ್ತು” ಎಂದಳು.

“ವಯಸ್ಸಾಯ್ತು ಅನ್ನಬಾರದು ಗಿರಿಜಾ,” ಎಂದೆ ನಾನು. “ಅದನ್ನ ತಡೆಹಿಡಿದಿದೆ ಅನ್ನಬೇಕು. ಎರಡಕ್ಕೂ ವ್ಯತ್ಯಾಸ ಇದೆ.”

ಅವಳು ನಗು ನಿಲ್ಲಿಸಿ, ಸೀರೆ ಬದಲಾಯಿಸಲು ಒಳಗೆ ಹೋದಳು.