ನಾಲ್ಕನೆಯ ಎಳೆ

ರಾಜಗೋಪಾಲರ ಮನೆಯಲ್ಲಿ ಹೆಂಡತಿಯ "ರೀ" ತಲುಪದ ಜಾಗ ಒಂದೇ ಒಂದಿತ್ತು, ಹಿತ್ತಲ ತುದಿಯ ತಗಡಿನ ಕೋಣೆ. ಮಡಚುವ ಕುರ್ಚಿ ಹಾಕಿಕೊಂಡು ಕಾದಂಬರಿ ಹಿಡಿದು ಕೂತರೆ ಅಲ್ಲಿ ಅವರೇ ಚಕ್ರವರ್ತಿ. ಆದರೆ ಅವರು ನೆಲೆಸಿದ್ದ ಊರು ಡಮ್ ಡಮ್‌ನ ಚೈತ್ರದ ಸೆಕೆಗೆ ಚಕ್ರವರ್ತಿಯೂ ಬೆವರುತ್ತಾನೆ. ಫ್ಯಾನು ಬೇಕು, ಫ್ಯಾನಿಗೆ ಕರೆಂಟು ಬೇಕು, ಕರೆಂಟು ಅಡಿಗೆಮನೆಯ ಗೋಡೆಯಿಂದ ಹದಿನಾಲ್ಕು ಮೀಟರ್ ದಾಟಿ ಬರಬೇಕು.

ನೆಲ ಅಗೆದು ಕೇಬಲ್ ಹೂಳೋಣವೆಂದರೆ ನಡುವೆ ಹೆಂಡತಿ ಶೋಭನಾರ ಕರಿಬೇವಿನ ಗಿಡ.

"ಮೈಸೂರಿಂದ ರೈಲಲ್ಲಿ ತೊಡೆ ಮೇಲಿಟ್ಕೊಂಡು ತಂದಿದ್ದು ರೀ. ಗುದ್ದಲಿ ಆ ಕಡೆ ಹೋದ್ರೆ ನಾನೂ ಮೈಸೂರಿಗೆ ಹೋಗ್ತೀನಿ."

ಹೀಗಾಗಿ ಕರೆಂಟು ಆಕಾಶಮಾರ್ಗವಾಗಿ ಬರುವುದೆಂದು ತೀರ್ಮಾನವಾಯಿತು.

ಎಲೆಕ್ಟ್ರಿಕ್ ಮಿಸ್ತ್ರಿ ಬಾಪಿದಾ ಎರಡೇ ನಿಮಿಷದಲ್ಲಿ ಹೇಳಿದ: "ಮೂರೆಳೆಯ ಕೇಬಲ್, ಬಿಸಿಲು ಮಳೆ ತಡೆಯೋ ಕರಿ ಹೊದಿಕೆ. ಸ್ಟೀಲ್ ತಂತಿ ಎಳೆದು ಅದಕ್ಕೆ ನೇತು ಹಾಕಿದರಾಯಿತು. ನಾಳೆ ಮುಗಿಯುತ್ತೆ ದಾದಾ."

ನಾಳೆ ಮುಗಿಯುವ ಕೆಲಸವನ್ನು ರಾಜಗೋಪಾಲರು ಎಂದೂ ನಂಬಿದವರಲ್ಲ. ಮೂವತ್ತೆರಡು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದವರು. ಫೈಲು ತೆರೆದರು. ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬುದಕ್ಕೆ ಒಂದು ವಾರ. ಕಾಲಬೈಶಾಖಿ ಬಿರುಗಾಳಿಗೆ ಕೇಬಲ್ ಎಷ್ಟು ಜೋಲು ಬಿಡಬೇಕೆಂಬುದಕ್ಕೆ ಇನ್ನೊಂದು ವಾರ. (ಪ್ರಯೋಗ ನಡೆದದ್ದು ಬಟ್ಟೆ ಒಣಹಾಕುವ ಹಗ್ಗದ ಮೇಲೆ. ಶೋಭನಾರ ಎರಡು ಸೀರೆ ಪಕ್ಕದ ಮನೆಯ ತಾರಸಿ ಸೇರಿದವು.) ಕೊನೆಗೆ ಚಾಂದನಿ ಬಜಾರಿನಿಂದ ಕೇಬಲ್ ಸವಾರಿ ಬಂತು.

ಬಾಪಿದಾ ತುದಿ ಸುಲಿದು ನೋಡಿದ. "ಫೇಸ್, ನ್ಯೂಟ್ರಲ್, ಅರ್ತ್, ಮೂರಾಯ್ತು. ನಾಲ್ಕನೆಯ ಎಳೆ ಯಾಕೆ?"

"ಅದು ಸ್ಪೇರ್. ಸ್ಪೇರ್ ಇಲ್ಲದ ಕೇಬಲ್ಲಿಗೆ ನಾನು ಇವತ್ತಿನವರೆಗೂ ಸಹಿ ಹಾಕಿದವನಲ್ಲ."

"ಫ್ಯಾನಿಗೆಂಥ ಸ್ಪೇರ್ ರೀ?" ಎಂದರು ಶೋಭನಾ, ಒಳಗಿಂದ.

"ಮುಂದಾಲೋಚನೆ ಕಣೆ. ನಿನಗೆ ಅರ್ಥವಾಗಲ್ಲ," ಎಂದವರು ಅರ್ಥ ಮಾಡಿಸದೆ ಬಿಡಲಿಲ್ಲ. ಹಾಳೆ ತೆಗೆದು ಚಿತ್ರ ಬರೆದರು. "ನೋಡು, ನಾಳೆ ಬೇಕೆನಿಸಿದರೆ ಇಲ್ಲಿ ಗುಂಡಿ ಒತ್ತಿ, ಈ ಎಳೆಯಿಂದ ಅಲ್ಲಿ ಗಂಟೆ ಹೊಡೆಸಬಹುದು. ಸ್ಟೇಷನ್ನಿಂದ ಸಿಗ್ನಲ್ ಕ್ಯಾಬಿನ್ನಿಗೆ ಹೊಡೆಯಲ್ವಾ, ಹಾಗೆ."

ಶೋಭನಾ ಎಂದೂ ಇಲ್ಲದ ಶ್ರದ್ಧೆಯಿಂದ ಕೇಳಿಸಿಕೊಂಡರು. ಗಂಡನಿಗೆ ಹೆಮ್ಮೆಯೆನಿಸಿತು.

ಮರುದಿನ ಫ್ಯಾನು ತಿರುಗಿತು. ಅಡಿಗೆಮನೆಯಿಂದ ಹೊರಟ "ರೀ" ಫ್ಯಾನಿನ ಸದ್ದಿನಲ್ಲಿ ಎಲ್ಲೋ ಕರಗಿಹೋಯಿತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡಾಗಲೂ ರಾಜಗೋಪಾಲರಿಗೆ ಇಷ್ಟು ಸುಖವಾಗಿರಲಿಲ್ಲ.

ಸುಖ ಮೂರು ದಿನ ಬಾಳಿತು. ನಾಲ್ಕನೆಯ ದಿನ ತರಕಾರಿ ತಂದಿಟ್ಟು ಕೋಣೆಗೆ ಹೋಗಿ ಕಾದಂಬರಿ ತೆರೆದಿದ್ದರಷ್ಟೆ, ನೆತ್ತಿಯ ಮೇಲೆ ಟ್ರಿಣ್ಣೆಂದಿತು. ಕುರ್ಚಿ ತಾನಾಗಿ ಮಡಚಿಕೊಂಡಿತು, ಒಳಗೆ ರಾಜಗೋಪಾಲರಿದ್ದರು. ಹೇಗೋ ಬಿಡಿಸಿಕೊಂಡು ನೋಡಿದರೆ ಬಾಗಿಲ ಮೇಲೆ ಹೊಸ ಗಂಟೆ.

ಸೊಂಟ ಹಿಡಿದುಕೊಂಡು ಅಡಿಗೆಮನೆಗೆ ಬಂದರು. ಶೋಭನಾರ ಬೆರಳು ಇನ್ನೂ ಗುಂಡಿಯ ಮೇಲಿತ್ತು.

"ಸ್ಪೇರ್ ಸುಮ್ನೆ ಬಿದ್ದಿತ್ತಲ್ಲ ರೀ. ನೀವು ಬರೆದ ಚಿತ್ರಾನೇ ಬಾಪಿದಾಗೆ ತೋರಿಸ್ದೆ. ನೀವು ಮಾರ್ಕೆಟ್ಟಿಂದ ಬರೋದ್ರೊಳಗೆ ಮುಗಿಸ್ಬಿಟ್ಟ. ಎರಡು ಸಲ ಹೊಡೆದ್ರೆ ತೆಂಗಿನಕಾಯಿ ತುರಿಯೋದು, ಒಂದು ಸಲ ಅಂದ್ರೆ ಕಾಫಿ."

ರಾಜಗೋಪಾಲರ ಮುಖ ತುಸು ಅರಳಿತು. "ಈಗ ಒಂದೇ ಸಲ ಹೊಡೆದೆ. ಎಲ್ಲಿ ಕಾಫಿ?"

"ಹಾಲು ಫ್ರಿಜ್ಜಲ್ಲಿದೆ," ಎಂದರು ಶೋಭನಾ. "ನಂಗೆ ಸಕ್ಕರೆ ಕಡಿಮೆ."