ಕಂಬ ಕಿತ್ತ ಅಳಿಯ

ಗಣಿತ ನಂಬಿದವನಿಗೆ ಮಾವನ ಮನೆಯಲ್ಲಿ ಮರ್ಯಾದೆ ಸಿಗುವುದು ಕಷ್ಟ. ಡಾಕ್ಟರ್ ಅಳಿಯನಾದರೆ ನಾಡಿ ಹಿಡಿದು ತೋರಿಸಬಹುದು, ವಕೀಲನಾದರೆ ಜಮೀನಿನ ತಕರಾರು ಕೇಳಬಹುದು. ಬೇಲೂರಿನಲ್ಲಿದ್ದುಕೊಂಡು ಡಿಪ್ಲೊಮಾ ಹುಡುಗರಿಗೆ ತೊಲೆ, ಕಂಬಗಳ ಲೆಕ್ಕ ಹೇಳಿಕೊಡುವ ನನ್ನಂಥವನು ಹಬ್ಬಕ್ಕೆ ಹೋಗಿ ಹೋಳಿಗೆ ತಿಂದು ಬರಬೇಕು, ಅಷ್ಟೇ.

ನನ್ನ ಅದೃಷ್ಟಕ್ಕೆ ಗಂಡಸಿ ಊರಿನಲ್ಲಿರುವ ಮಾವನ ಮನೆಗೆ ಕಲರ್ ಟಿವಿ ಬಂತು. ಅದರೆದುರಿಗೇ ನಡುಮನೆಯ ಕಂಬ. ಧಾರಾವಾಹಿಯಲ್ಲಿ ಯಾರು ಕಣ್ಣೀರು ಹಾಕಿದರೂ ನಮ್ಮ ಅತ್ತೆಗೆ ಅರ್ಧ ಮುಖವೇ ಕಾಣುತ್ತಿತ್ತು. ಕಂಬ ತೆಗೆಯೋಣವೆಂದರೆ ಅದು ಹೊತ್ತಿರುವುದು ಅಟ್ಟದ ತೊಲೆಯನ್ನು. ಇಡೀ ತೋಟದ ತೆಂಗಿನಕಾಯಿ ವರ್ಷವಿಡೀ ಒಣಗಿ ಕೊಬ್ಬರಿಯಾಗುವುದು ಆ ಅಟ್ಟದ ಮೇಲೆ. ಆಗ ಅಟ್ಟ ಖಾಲಿಯಿತ್ತು, ಹೊಸ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು. "ಅಟ್ಟ ಕುಸಿದ್ರೆ ವರ್ಷದ ಬೆಳೆ ಹೋಯ್ತು ಅನ್ಕೊಳ್ಳಿ" ಎಂದು ಮಾವ ಕಂಬ ಮುಟ್ಟಗೊಡಲಿಲ್ಲ.

ನಾನು ತೊಲೆಯ ಉದ್ದ, ದಪ್ಪ ಅಳೆದು ಗಣಿತದ ಮಾದರಿ ಕಟ್ಟಲು ಕುಳಿತೆ. ಕಾಗದದ ಮೇಲೆ ತೊಲೆ ಒಂದು ಗೆರೆಯಾಯಿತು, ತೆಂಗಿನಕಾಯಿಗಳೆಲ್ಲ ಸಾಲು ಬಾಣಗಳಾದವು, ಮಾವನ ಪಿತ್ರಾರ್ಜಿತ ಗೋಡೆಗಳು ಎರಡು ತ್ರಿಕೋನಗಳಾದವು. ಕಾಯಿ ಒಣಗುತ್ತ ಹಗುರವಾಗುತ್ತದೆ. ಆದರೂ ನೀರು ತುಂಬಿದ ತೂಕವನ್ನೇ ಹಿಡಿದೆ. ತೊಲೆ ನಡುವೆ ಹೆಬ್ಬೆರಳಿನಷ್ಟು ಬಾಗುತ್ತದೆ, ಮುರಿಯುವುದಿಲ್ಲ ಎಂದು ಉತ್ತರ ಬಂತು. ಅತ್ತೆ ಇಣುಕಿ ನೋಡಿ, "ರಂಗೋಲಿ ಚೆನ್ನಾಗೈತೆ. ಕಂಬ ಯಾವಾಗ ತೆಗೀತೀರಾ?" ಎಂದರು.

ಮಾವ ಮಾತ್ರ, "ಅಷ್ಟು ಧೈರ್ಯ ಇದ್ರೆ, ಕಾಯಿ ತುಂಬೋವಾಗ ನೀವೇ ಕೆಳಗೆ ಕೂತ್ಕಳಿ ಅಳಿಯಂದ್ರೇ" ಎಂದರು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕಂಬ ಕಳಚಿಸಿ, ಅದಿದ್ದ ಜಾಗದಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ. ಮೇಲೆ ಕಾಯಿ ದಡಬಡ ಉರುಳಿದಾಗಲೆಲ್ಲ ತಲೆಯ ಮೇಲೆ ಧೂಳು. ಸುರಕ್ಷತೆಗೆಂದು ಕಾಯಿಯ ತೂಕವನ್ನು ಎರಡರಿಂದ ಗುಣಿಸಿದ್ದೆನೋ, ಭಾಗಿಸಿದ್ದೆನೋ ಎಂಬ ಅನುಮಾನ ಬಂತು. ತೊಲೆ ಒಮ್ಮೆ ಕಿರ್ರೆಂದಿತು, ಬಾಗಿತು, ನಿಂತಿತು. ಅಳತೆಗೆಂದು ಮೊದಲೇ ತೊಲೆಯ ಪಕ್ಕದಲ್ಲಿ ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿದ್ದ ದಾರಕ್ಕೆ ಹೋಲಿಸಿ ನೋಡಿದರೆ, ಬಾಗಿದ್ದು ಸರಿಯಾಗಿ ಹೆಬ್ಬೆರಳಿನಷ್ಟು! ಮಾವ ತಾವೇ ಬಂದು ನನ್ನ ತಲೆಯ ಧೂಳು ಕೊಡವಿದರು. ಅಂಥ ಸಂತೋಷ ನನಗೆ ಡಿಗ್ರಿ ಬಂದಾಗಲೂ ಆಗಿರಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಮುಂದಿನ ವರ್ಷ ಮಾವನ ತಮ್ಮನವರು ಬೇಲೂರಿಗೆ ಫೋನ್ ಮಾಡಿ, "ನಮ್ಮನೇಲೂ ಕಂಬ ತೆಗೀತಿದೀವಿ, ಬನ್ನಿ" ಎಂದರು. ಟೇಪು, ಕ್ಯಾಲ್ಕುಲೇಟರ್ ಹಿಡಿದು ಠೀವಿಯಿಂದ ಹೋದೆ. ಕಂಬ ಆಗಲೇ ಹಿತ್ತಿಲು ಸೇರಿತ್ತು. ಆಳುಗಳು ಕಾಯಿ ಹೊತ್ತು ಏಣಿ ಹತ್ತುತ್ತಿದ್ದರು. "ಮೊದಲು ಲೆಕ್ಕ ಆಗಬೇಕಲ್ಲ" ಎಂದೆ.

"ಲೆಕ್ಕ ಏನಕ್ಕೆ? ನೀವು ಕೆಳಗೆ ಕೂತ್ರೆ ಅಟ್ಟ ಬೀಳಲ್ಲ ಅಂತ ಅಣ್ಣ ಹೇಳವ್ರೆ" ಎಂದು ಅವರು ಕುರ್ಚಿ ಎಳೆದು ಹಾಕಿದರು. ಧೂಳು ಬೀಳುತ್ತದೆಂದು ಹೊಸ ಟವೆಲ್ಲನ್ನೂ ಕೊಟ್ಟರು.

ಅಷ್ಟು ಮರ್ಯಾದೆ ಕೊಟ್ಟ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಟವೆಲ್ ತಲೆಗೆ ಸುತ್ತಿಕೊಂಡು, ಅಳೆಯದ ತೊಲೆಯ ಕೆಳಗೆ ಕುಳಿತೆ.