ಕಲಿಕೆಯ ಮಟ್ಟಕ್ಕೊಂದು ದೃಷ್ಟಿಬೊಟ್ಟು

ಮಾಸ್ತರಿಕೆಯಲ್ಲಿ ಒಂದು ದೊಡ್ಡ ಸುಖವಿದೆ. ದಿನವಿಡೀ ಬೇರೆಯವರ ತಪ್ಪು ಹುಡುಕುವುದೇ ಕೆಲಸವಾದ್ದರಿಂದ ನಮ್ಮ ತಪ್ಪು ನೋಡಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ವಕೀಲನಿಗೆ ಎದುರು ವಕೀಲನಿರುತ್ತಾನೆ, ವ್ಯಾಪಾರಿಗೆ ಗಿರಾಕಿ ಇರುತ್ತಾನೆ, ಅಡಿಗೆ ಮಾಡುವವಳಿಗೆ ಉಣ್ಣುವ ಗಂಡನಿರುತ್ತಾನೆ. ಪ್ರಾಥಮಿಕ ಶಾಲೆಯ ಮಾಸ್ತರನಿಗೆ ಮಾತ್ರ ಎದುರಿಗಿರುವವರೆಲ್ಲ ಮೂರಡಿ ಎತ್ತರದವರು. ಅವರು ನಮ್ಮ ತಪ್ಪು ಹಿಡಿದರೂ ಅವರ ಕಿವಿ ಹಿಡಿಯುವ ಅಧಿಕಾರ ನಮ್ಮದೇ. ಈ ಸುಖವನ್ನು ನಾನು ಹನ್ನೊಂದು ವರ್ಷ ನಿರಾತಂಕವಾಗಿ ಅನುಭವಿಸಿದೆ. ಹನ್ನೆರಡನೆಯ ವರ್ಷ ಸೊಲ್ಲಾಪುರದಿಂದ ಒಂದು ಪರಿಪತ್ರಕ, ಅಂದರೆ ಸರಕಾರಿ ಸುತ್ತೋಲೆ, ಬಂತು.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕಲಕೋಟ ತಾಲೂಕಿನಲ್ಲಿ, ಚಪಳಗಾಂವದಿಂದ ಎರಡು ಹರದಾರಿ ಒಳಗಿದ್ದ ಒಂದು ಹಳ್ಳಿಯ ಕನ್ನಡ ಶಾಲೆ ನನ್ನದು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯ ಜನ ಈಗ ಓದುವುದನ್ನು ಕಲಿತಿದ್ದಾರೆ. ನಾಲ್ಕು ವರ್ಗ, ಒಂದು ಕೋಣೆ, ಒಬ್ಬ ಮಾಸ್ತರ. ಒಂದನೆಯವರಿಗೆ ಮಗ್ಗಿ ಹೇಳಲು ಹಚ್ಚಿ, ಎರಡನೆಯವರಿಗೆ ಕಾಪಿ ಬರೆಯಲು ಹಚ್ಚಿ, ಮೂರನೆಯವರನ್ನು ಒಂದನೆಯವರ ಮೇಲೆ ಬಿಟ್ಟು, ನಾಲ್ಕನೆಯವರಿಗೆ ಪಾಠ ಹೇಳುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಗಂಟೆ ಹೊಡೆಯುವವನೂ ನಾನೇ ಆದ್ದರಿಂದ ಅದು ಎಂದೂ ತಡವಾಗುತ್ತಿರಲಿಲ್ಲ.

ಪರಿಪತ್ರಕದ ವಿಷಯ: ನಾಲ್ಕನೆಯ ವರ್ಗ ದಾಟುವ ಪ್ರತಿಯೊಂದು ಮಗುವಿಗೆ ಯಾವ ಯಾವ ವಿಷಯದಲ್ಲಿ ಏನೇನು ಬರಲೇಬೇಕು ಎಂಬ ಮಟ್ಟಗಳ ಪಟ್ಟಿ. ಐದು ಪುಟ, ಶುದ್ಧ ಸರಕಾರಿ ಮರಾಠಿ. ಭಾಷೆಯಲ್ಲಿ, ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಹೇಳಬೇಕು, ಅಪರಿಚಿತ ಕೈಬರಹವನ್ನು ಎಡವದೆ ಓದಬೇಕು. ಗಣಿತದಲ್ಲಿ, ವಸ್ತುವನ್ನು ನೋಡಿ ತೂಕದ ಅಂದಾಜು ಹೇಳಬೇಕು. ಚಿತ್ರಕಲೆಯಲ್ಲಿ, ಬಣ್ಣಗಳನ್ನು ಬೆರೆಸಿ ಹೊಸ ಬಣ್ಣ ಮಾಡಬೇಕು. ನಮ್ಮ ಶಾಲೆಯಲ್ಲಿದ್ದ ಬಣ್ಣಗಳು ಎರಡು, ಸುಣ್ಣ ಮತ್ತು ಇದ್ದಿಲು. ಪರಿಸರದಲ್ಲಿ, ಸಮುದ್ರದ ಭರತಿ ಇಳಿತಗಳನ್ನು ವಿವರಿಸಬೇಕು. ನಮ್ಮ ಮಕ್ಕಳು ಕಂಡ ಎಲ್ಲಕ್ಕಿಂತ ದೊಡ್ಡ ನೀರೆಂದರೆ ಪಾಟೀಲರ ಬಾವಿ, ಅದರಲ್ಲಿ ಇಳಿತ ಮಾತ್ರ ಇತ್ತು. ಕೊನೆಗೆ ಸ್ವಭಾವ ಎಂದೊಂದು ವಿಷಯ: ಮಗುವಿಗೆ ಸತ್ಯ ನುಡಿಯುವ ರೂಢಿ ಇರಬೇಕು. ಇದನ್ನು ಬರೆದ ಪುಣ್ಯಾತ್ಮರು ಯಾರೋ, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದರೋ, ಒಂದು ಸಲ ನೋಡಬೇಕೆಂಬ ಆಸೆ ನನಗೆ ಇನ್ನೂ ಇದೆ.

ನಾನು ಕಲಿಯುವಾಗ ಇಷ್ಟೆಲ್ಲ ತೊಡಕಿರಲಿಲ್ಲ. ನಮ್ಮ ಮಾಸ್ತರರ ಬಳಿ ಮಟ್ಟ ಎಂಬುದು ಕಣ್ಣಳತೆಯದು. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಬಂದವನು ಎರಡನೆಯ ವರ್ಗಕ್ಕೆ, ಕರಿಹಲಗೆಯ ತುದಿ ಮುಟ್ಟಿದವನು ನಾಲ್ಕನೆಯದಕ್ಕೆ, ಮೀಸೆ ಮೂಡಿದವನು ಹೊಲಕ್ಕೆ. ಈ ಪದ್ಧತಿಯಲ್ಲಿ ನಾನು ಒಂದು ಸಲವೂ ನಾಪಾಸಾಗಲಿಲ್ಲ, ಯಾಕೆಂದರೆ ನಮ್ಮ ಮನೆತನದವರು ಎತ್ತರ.

ಇರಲಿ. ಮಟ್ಟಗಳನ್ನೆಲ್ಲ ಕನ್ನಡಕ್ಕೆ ತಂದು, ನಾಲ್ಕನೆಯ ವರ್ಗದ ಹದಿನೇಳು ಮಕ್ಕಳ ಹೆಸರು ಬರೆದು, ಒಬ್ಬೊಬ್ಬರ ಮುಂದೆ ಬಂದರೆ ಸರಿ ಗುರುತು, ಬಾರದಿದ್ದರೆ ಕೆಂಪು ಶಾಯಿಯ ತಪ್ಪು ಗುರುತು ಹಾಕಿ, ಸಾಹೇಬರು ತಪಾಸಣೆಗೆ ಬಂದಾಗ ತೋರಿಸಬೇಕಿತ್ತು. ಒಂದು ರವಿವಾರ ಮಧ್ಯಾಹ್ನ ಮನೆಯಲ್ಲಿ ಚಾಪೆ ಹಾಸಿ, ಎರಡು ಕಾರ್ಬನ್ನು ಇಟ್ಟು ಕೂತೆ. ನನ್ನ ಹೆಂಡತಿ ಸುಶೀಲಾ ಸೊಲ್ಲಾಪುರದ ಅರಿವೆ ವ್ಯಾಪಾರಿಗಳ ಮಗಳು. ಮಾಲು ನೋಡದೆ ಮಾತಾಡುವ ರೂಢಿ ಆ ಮನೆತನಕ್ಕಿಲ್ಲ.

"ಏನ್ ಮಾಡಾಕತ್ತೀರಿ?" ಎಂದಳು.

"ಮಕ್ಕಳ ಮಟ್ಟ ನೋಡಾಕತ್ತೀನಿ."

"ಮಕ್ಕಳು ಎಲ್ಲಿದ್ದಾರ?"

"ಅವರವರ ಮನ್ಯಾಗ."

ಅವಳು ಮುಂದೆ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಲೇಖಣಿ ಎತ್ತದೆ ಸರಿ, ಸರಿ, ಸರಿ ಎಂದು ಹಾಕುತ್ತ ಹೋದೆ. ಹದಿನೇಳು ಮಕ್ಕಳೂ ಭರತಿ ಇಳಿತ ವಿವರಿಸಿದರು, ಬಣ್ಣ ಬೆರೆಸಿದರು, ಸತ್ಯ ನುಡಿದರು. ಅರ್ಧ ತಾಸಿನಲ್ಲಿ ನಮ್ಮ ಹಳ್ಳಿ ಇಡೀ ಮಹಾರಾಷ್ಟ್ರಕ್ಕೆ ಮಾದರಿಯಾಯಿತು.

ಮುಗಿಸಿ ನೋಡಿದರೆ ನನಗೇ ಹೆದರಿಕೆ. ಇಷ್ಟು ಚೆಂದವಾಗಿದ್ದರೆ ಯಾರು ನಂಬುತ್ತಾರೆ? ಚೆಂದದ ಕೂಸಿಗೆ ದೃಷ್ಟಿ ತಾಗಬಾರದೆಂದು ಗಲ್ಲದ ಮೇಲೊಂದು ಕಾಡಿಗೆಯ ಬೊಟ್ಟು ಇಡುತ್ತಾರಲ್ಲ, ಹಾಗೆ ಈ ಕಾಗದಕ್ಕೂ ಒಂದು ಕೆಂಪು ಬೊಟ್ಟು ಬೇಕಾಗಿತ್ತು. ಆದರೆ ಯಾರ ಹೆಸರಿನ ಮುಂದೆ ಇಡುವುದು? ಪಾಟೀಲರ ಮೊಮ್ಮಗನಿಗೆ ಇಡುವಂತಿಲ್ಲ, ಶಾಲೆ ನಡೆಯುವುದೇ ಅವರ ಕೋಣೆಯಲ್ಲಿ. ಮಲಕಪ್ಪನ ಮಗನಿಗೆ ಇಟ್ಟರೆ ಮರುದಿನದಿಂದ ನಮ್ಮನೆಗೆ ಎಮ್ಮೆಯ ಹಾಲು ಬಂದ್. ಶರಣಪ್ಪನಂತೂ ಹಿಂದೊಮ್ಮೆ ಮಗನ ಕಿವಿ ಹಿಂಡಿದ್ದಕ್ಕೆ ಬಾರುಕೋಲು ಹಿಡಿದು ಬಂದು, "ಕಿವಿ ಯಾರದು ಅಂತ ತಿಳದೀರಿ?" ಎಂದು ಕೇಳಿದ್ದ. ಒಂದೊಂದೇ ಹೆಸರು ದಾಟುತ್ತ ಬಂದು ಕಡೆಗೆ ನಮ್ಮ ವಿಜಯಾಳ ಹೆಸರಿಗೆ ನಿಂತೆ. ನನ್ನ ಒಬ್ಬಳೇ ಮಗಳು, ನನ್ನದೇ ಶಾಲೆಯ ನಾಲ್ಕನೆಯ ವರ್ಗ. ಇಡೀ ಊರಿನಲ್ಲಿ ನನ್ನ ಜೊತೆ ಜಗಳಕ್ಕೆ ಬಾರದ ತಂದೆ ಎಂದರೆ ನಾನೊಬ್ಬನೇ ಇದ್ದೆ. ಮೇಲಾಗಿ 'ಮಾಸ್ತರರ ಮಗಳಂತ ಎಲ್ಲಾ ಬರ್ತದ' ಎಂದು ಆಡಿಕೊಳ್ಳುವ ಬಾಯಿಗಳೂ ಮುಚ್ಚುತ್ತವೆ. ಅವಳ ಮುಂದೆ, 'ಅಪರಿಚಿತ ಕೈಬರಹ ಓದುವುದು' ಎಂಬಲ್ಲಿ, ಒಂದು ತಪ್ಪು ಗುರುತು ಹಾಕಿದೆ. ಹುಡುಗಿ ಆಗ ಪಕ್ಕದ ಕೋಣೆಯಲ್ಲಿ ಸೊಲ್ಲಾಪುರದಿಂದ ಅವಳ ಮಾಮಾ ಬರೆದ ಕಾಗದವನ್ನು ಅವರವ್ವನಿಗೆ ಜೋರಾಗಿ ಓದಿ ಹೇಳುತ್ತಿದ್ದಳು.

ಆ ಕಾಗದದ ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮೂರಲ್ಲಿ ಶಾಲೆ ನಾಲ್ಕಕ್ಕೇ ಮುಗಿಯುತ್ತಿತ್ತು. ಜೂನ್‌ನಲ್ಲಿ ವಿಜಯಾ ಸೊಲ್ಲಾಪುರಕ್ಕೆ ಮಾಮಾನ ಮನೆಗೆ ಹೋಗಿ ಐದನೆಯ ವರ್ಗ ಸೇರುವವಳಿದ್ದಳು. ಮಾಮಾ ತನ್ನ ಅಂಗಡಿಯಿಂದ ಆ ಶಾಲೆಯ ನೀಲಿ ಅರಿವೆ ಮೊದಲೇ ಕಳಿಸಿದ್ದ. ಸುಶೀಲಾ ಅದರಲ್ಲಿ ಲಂಗ ಹೊಲಿದದ್ದಾಗಿತ್ತು. ಹುಡುಗಿ ದಿನಾ ಸಂಜೆ ಅದನ್ನು ಉಟ್ಟು ಅಂಗಳದಲ್ಲಿ ಒಂದು ಸುತ್ತು ತಿರುಗಿ, ಮಡಿಚಿ ಮತ್ತೆ ಟ್ರಂಕಿನಲ್ಲಿ ಇಡುತ್ತಿದ್ದಳು.

ಏಪ್ರಿಲ್‌ನಲ್ಲಿ, ಮುಂಜಾನೆಯ ಶಾಲೆ ನಡೆಯುತ್ತಿದ್ದಾಗ, ಸಾಹೇಬರು ಬಂದರು. ಊರ ದಾರಿ ಒಡೆಯುವ ಫಾಟಾದಲ್ಲಿ ಎಸ್.ಟಿ. ಬಸ್ಸು ಇಳಿದು ಬಿಸಿಲಲ್ಲಿ ನಡೆದು ಬಂದಿದ್ದರು, ಪಾಪ. ಮಂಗಳವೇಢೆಯ ಕಡೆಯವರು. ಮನೆಯಲ್ಲಿ ಕನ್ನಡ, ಕಲಿತದ್ದೆಲ್ಲ ಮರಾಠಿ. ಕನ್ನಡ ಶಾಲೆಗಳ ಮಟ್ಟ ಅಳೆಯಲು ಸರಕಾರ ನೇಮಿಸಿದ ಈ ಅಧಿಕಾರಿಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಅದನ್ನವರು ಮುಚ್ಚಿಡುತ್ತಲೂ ಇರಲಿಲ್ಲ. ಕನ್ನಡದ ಯಾವುದೇ ಕಾಗದ ಬಂದರೂ ಹತ್ತಿರ ಕೂತ ಹುಡುಗನನ್ನೋ ಹುಡುಗಿಯನ್ನೋ ಕರೆದು ಓದಿಸಿಕೊಳ್ಳುತ್ತಿದ್ದರು. ಸರಿ ತಪ್ಪು ಗುರುತುಗಳಿಗೆ ಮಾತ್ರ ಭಾಷೆಯ ಹಂಗಿರಲಿಲ್ಲ.

ನನ್ನ ಕಾಗದ ಬಿಚ್ಚಿ, ಸರಿ ಗುರುತುಗಳ ಮೇಲೆ ಬೆರಳಾಡಿಸುತ್ತ ಹೋದವರು ಕೆಂಪು ಬೊಟ್ಟಿನ ಹತ್ತಿರ ನಿಂತರು. "ಹಾಂ! ಇದು ನೋಡ್ರಿ ಪ್ರಾಮಾಣಿಕಪಣಾ. ಎಲ್ಲಾ ಮಾಸ್ತರಗೋಳು ಎಲ್ಲಾರಿಗೂ ಸರಿ ಅಂತ ಹಾಕಿ ಕೈ ತೊಳಕೋತಾರ. ನೀವು ಒಂದರೇ ಖರೇ ಬರದೀರಿ," ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಆಗ ನನಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯೇ ಆಯಿತು.

"ಯಾರದಿದು ಹೆಸರು?" ಎನ್ನುತ್ತ ಸಾಹೇಬರು ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯನ್ನು ಕರೆದರು. "ಏ ಬಾಯಿ, ಬಾ ಇಲ್ಲಿ. ಇದನ್ನ ಓದ."

ನಾನು ಕೆಮ್ಮಿದೆ. ಉಪಯೋಗವಾಗಲಿಲ್ಲ. ತಪಾಸಣೆಯೆಂದು ಟ್ರಂಕಿನಿಂದ ತೆಗೆದ ನೀಲಿ ಲಂಗ ಉಟ್ಟಿದ್ದ ಹುಡುಗಿ ಎದ್ದು ಬಂದು, ಸಾಹೇಬರ ಬೆರಳು ಇದ್ದಲ್ಲಿ ಓದಿದಳು: "ವಿಜಯಾ." ಬೆರಳು ಮೇಲಕ್ಕೆ ಹೋಯಿತು. "ಭಾಷೆ. ಅಪರಿಚಿತ ಕೈಬರಹ ಓದುವುದು."

"ಅಂದ್ರ ಆ ವಿಜಯಾಗ ಕೈಬರಹ ಓದಾಕ ಬರೂದಿಲ್ಲ. ಯಾರವಾ ವಿಜಯಾ?"

"ನಾನಽ ರೀ."

ಶಾಲೆ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ, ನನ್ನ ಕಡೆ ನೋಡಿದಳು. ಸಾಹೇಬರು ಹುಬ್ಬೇರಿಸಿ, "ಮತ್ತ ಈಗ ಓದಿದ್ದೇನ್ರಿ ಇಕಿ?" ಎಂದರು. ಸಿಕ್ಕಿಬಿದ್ದ ಮನುಷ್ಯನ ತಲೆ ಎಷ್ಟು ಚುರುಕಾಗುತ್ತದೆಂದರೆ, ನಾನು ತಟ್ಟನೆ ಹೇಳಿದೆ: "ಇದು ಪರಿಚಿತ ಕೈಬರಹರೀ ಸಾಹೇಬರ. ಆಕಿ ನನ್ನ ಮಗಳು."

"ಸ್ವಂತ ಮಗಳು!" ಸಾಹೇಬರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ಏನ್ ಕಡಕ ಮನಷ್ಯಾರೀ ನೀವು! ಆದ್ರ ಏನ್ ಮಾಡೂದು, ಪರಿಪತ್ರಕದ ಕಡೀ ಪಾನಾದಾಗ ಅದ ಅಲ್ಲ, ಭಾಷಾದಾಗ ಒಂದು ತಪ್ಪು ಬಿದ್ದರೂ ಮಗು ನಾಲ್ಕರಾಗಽ ಕೂಡಬೇಕು. ಕೂಡ್ಲಿ ಬಿಡ್ರಿ ಒಂದು ವರ್ಷ, ಪಾಯಾ ಪಕ್ಕಾ ಆಗ್ತದ."

ಕಡೆಯ ಪುಟ! ನಾಲ್ಕನೆಯ ಪುಟ ಮುಗಿಯುವಷ್ಟರಲ್ಲಿ ನನಗೆ ನಿದ್ದೆ ಬಂದಿತ್ತು. ಐದನೆಯದರಲ್ಲಿ ಯಾರದೋ ಸಹಿ ಇರುತ್ತದೆಂದು ಬಿಟ್ಟಿದ್ದೆ. ಓದಲು ಹಿಡಿದದ್ದನ್ನು ಕಡೆಯವರೆಗೆ ಓದುವುದೂ ಒಂದು ಮಟ್ಟವಿತ್ತು, ಅದಕ್ಕೂ ಹದಿನೇಳು ಮಕ್ಕಳಿಗೆ ಸರಿ ಹಾಕಿದ್ದೆ. ವಿಜಯಾ ಅಳಲಿಲ್ಲ. ಲಂಗದ ಒಂದು ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಅಷ್ಟು ಹೊತ್ತು ಎಲ್ಲಿ ಹೋಗಿತ್ತೋ ಆ ನಾಚಿಕೆ, ಒಮ್ಮೆಲೇ ನನ್ನ ಕಿವಿಯವರೆಗೆ ಏರಿತು.

"ಸಾಹೇಬರ, ಆ ಗುರುತು ಚೂಕ ಆಗ್ಯಾದ್ರಿ. ಆಕಿಗೆ ಓದಾಕ ಬರ್ತದ," ಎಂದೆ.

ಸಾಹೇಬರ ಮುಖ ಸಣ್ಣದಾಯಿತು. ಕಡಕ ಮನುಷ್ಯನೊಬ್ಬನನ್ನು ಕಂಡ ಸಂತೋಷ ಅವರಿಗೆ ಎರಡು ನಿಮಿಷವೂ ಉಳಿಯಲಿಲ್ಲ. "ಖಾಡಾಖೋಡ ಮಾಡಾಕ ಬರೂದಿಲ್ರಿ ಇದರಾಗ, ಹೊಡದ ಹಾಕಿ ತಿದ್ದೂ ಹಂಗಿಲ್ಲ. ಯಾಕ ಚೂಕ ಆತು ಅಂತ ಕಾರಣ ಬರದ ಕೊಡ್ರಿ. ಹುಡುಗೀದು ಮತ್ತೊಮ್ಮಿ ಪರೀಕ್ಷಾನೂ ಆಗಬೇಕು. ಹಂಗ ಮಾಡ್ರಿ, ನೀವು ಬರದದ್ದನ್ನಽ ಆಕಿ ಓದಲಿ. ಅಕ್ಷರ ಪರಿಚಯದ್ದಾದ್ರೂ ಆ ಮಾತು ಆಕಿ ಕಂಡಿಲ್ಲಲ್ಲಾ. ಒಂದಽ ಕಾಗದದಾಗ ಎರಡೂ ಕೆಲಸ ಆಗ್ತಾವ."

ಕಾಗದ ಎಳೆದುಕೊಂಡು ಕೂತೆ. ಸಾಹೇಬರಿಗೆ ಓದಲು ಬಾರದು, ಏನು ಬರೆದರೂ ನಡೆಯುತ್ತಿತ್ತು. ಕಾರ್ಯಬಾಹುಳ್ಯದಿಂದ, ದೃಷ್ಟಿದೋಷದಿಂದ, ಮುಂತಾದ ಭಾರಿ ಮಾತುಗಳು ಲೇಖಣಿಯ ತುದಿಗೆ ಬಂದು ನಿಂತವು. ಆದರೆ ಓದುವವಳು ಎದುರಿಗೇ ನಿಂತಿದ್ದಳು, ಮತ್ತು ಅವಳಿಗೆ ಓದಲು ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಎರಡು ಸಾಲು ಬರೆದೆ. ಎರಡನೆಯ ಸಾಲಿನ ಕೊನೆಯ ಶಬ್ದಕ್ಕೆ ಬಂದಾಗ ಮಾತ್ರ ಕೈ ಹಿಂಜರಿಯಿತು. ಅಲ್ಲಿ ಒಂದು ಸುರುಳಿ, ಒಂದು ಗೆರೆ, ಒಂದು ಬಾಲ ಎಳೆದು ಕಾಗದ ಕೊಟ್ಟೆ.

ವಿಜಯಾ ನೆಟ್ಟಗೆ ನಿಂತು ಓದಿದಳು: "ನನ್ನ ಮಗಳಿಗೆ ಕೈಬರಹ ಓದಲು ಬರುತ್ತದೆ. ಬರುವುದಿಲ್ಲವೆಂದು ನಾನು ಬರೆದದ್ದು..." ಅಲ್ಲಿಗೆ ನಿಂತಳು. ಕಾಗದವನ್ನು ಕಣ್ಣಿಗೆ ಹತ್ತಿರ ತಂದಳು, ದೂರ ಹಿಡಿದಳು. ಶಾಲೆಯಲ್ಲಿ ನನ್ನನ್ನು ಅಪ್ಪಾ ಎನ್ನಬಾರದೆಂದು ನಾನೇ ಕಲಿಸಿದ್ದೆ. "ಗುರೂಜಿ, ಇಲ್ಲಿ ಏನ್ ಬರದೀರಿ? ತಿಳೀವಲ್ತು."

ಸಾಹೇಬರು ಕಾಗದ ಇಸಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಏನೂ ತಿಳಿಯದೆ ಮರಳಿ ಕೊಟ್ಟರು. "ಎಡವಿದಳಲ್ರೀ ಮಾಸ್ತರ. ಮೊದಲ ನೀವು ಹಾಕಿದ್ದಽ ಖರೇ ಕಾಣಸ್ತದ," ಎಂದು ಲೇಖಣಿಯ ಟೋಪಿ ತೆಗೆದರು.

"ಆಕಿ ಎಡವಿಲ್ರೀ," ಎಂದೆ. "ನನ್ನ ಅಕ್ಷರ ಸಾಫ್ ಇಲ್ಲ. ಅದು ಸುಳ್ಳು ಅಂತ ಅದ. ನಾನು ಬರದದ್ದು ಸುಳ್ಳು."

ನಾಲ್ಕೂ ವರ್ಗಗಳು ಒಮ್ಮೆಲೇ ಸುಮ್ಮನಾದವು. ಹನ್ನೆರಡು ವರ್ಷದಲ್ಲಿ ನಾನು ಎಷ್ಟು ಒದರಿದರೂ ಅಂಥ ಶಾಂತತೆ ಆ ಕೋಣೆಯಲ್ಲಿ ಬಂದಿರಲಿಲ್ಲ. ವಿಜಯಾ ಮತ್ತೊಮ್ಮೆ ಮೊದಲಿನಿಂದ ಓದಿದಳು, ಆ ಕೊನೆಯ ಶಬ್ದವನ್ನೂ ಸೇರಿಸಿ, ಸ್ಪಷ್ಟವಾಗಿ. ಸಾಹೇಬರು ಸಹಿ ಮಾಡಿದರು. ಆಮೇಲೆ ಪಟ್ಟಿಯ ಉಳಿದ ಸರಿ ಗುರುತುಗಳನ್ನು ಒಂದು ಗಳಿಗೆ ನೋಡಿ, ನನ್ನನ್ನೂ ಒಂದು ಗಳಿಗೆ ನೋಡಿ, ಕಾಗದ ಮಡಿಚಿದರು. "ಉಳಿದದ್ದು ಓದಸೂದು ಬ್ಯಾಡ್ರಿ. ನನ್ನ ಬಸ್ಸಿನ ಹೊತ್ತಾತು."

ಮಗಳು ಐದನೆಯದಕ್ಕೆ ಪಾಸಾದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಯಲ್ಲಿ ಅವರವ್ವನಿಗೆ ಏನು ಹೇಳಿದಳೋ, ನನಗೆ ಊಟ ಬಡಿಸುವಾಗ ಸುಶೀಲಾ ಮತ್ತೆ ಮಾತಾಡಲಿಲ್ಲ. ಈ ಸಲ ನನಗೆ ಸಿಟ್ಟು ಬರಲಿಲ್ಲ. ಸಂಜೆ ವಿಜಯಾ ತನ್ನ ಪಾಟಿ ತಂದು ನನ್ನ ಮುಂದೆ ಇಟ್ಟಳು. ಮೇಲಿನ ಸಾಲಿನಲ್ಲಿ ದುಂಡಗೆ ಒಂದೇ ಶಬ್ದ ಬರೆದಿದ್ದಳು: ಸುಳ್ಳು.

"ಅಪ್ಪಾ, ಇದರ ಕೆಳಗ ಹತ್ತು ಸಲ ಬರೀರಿ. ಸಾಫ್ ಬರೀಬೇಕು," ಎಂದಳು.

ನಾನು ಬರೆದೆ. ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಮೂರನೆಯದರ ಒತ್ತು ಸರಿ ಬೀಳಲಿಲ್ಲವೆಂದು ಒರಸಿ ಮತ್ತೆ ಬರೆಸಿದಳು. ಹತ್ತೂ ಮುಗಿದ ಮೇಲೆ ಒಂದೊಂದನ್ನೂ ಬೆರಳಿಟ್ಟು ನೋಡಿ, ಕೆಳಗೆ ಒಂದು ಸರಿ ಗುರುತು ಹಾಕಿದಳು. ಆ ವರ್ಷ ನಮ್ಮ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಬರೆಸಿ, ನೋಡಿ, ಆಮೇಲೆ ಹಾಕಿದ ಸರಿ ಗುರುತು ಅದೊಂದೇ.